ಕೆಲಸ ಹೊರಗಿನವರದು, ಹೊಣೆ ನಮ್ಮದು
(ಬೆಳ್ಳಿ ಹಬ್ಬದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಹಸಿರು ಮೇವಿನ ಬಗ್ಗೆ, ಕೆಚ್ಚಲು ಬಾವಿನ ಬಗ್ಗೆ ಬಲ್ಲವರು ಈಗಾಗಲೇ ಮಾತಾಡಿದ್ದಾರೆ. ನನಗೆ ಕೊಟ್ಟಿರುವ ವಿಷಯ ಕಂಪ್ಯೂಟರ್. ಎಸ್.ಎಸ್.ಎಲ್.ಸಿ. ಓದಿದ ನನಗೆ ಇದು ಯಾಕೆ ಬಂತು ಅಂದರೆ, ಮೂರು ವರ್ಷದ ಹಿಂದೆ ಅದು ಕೆಟ್ಟಾಗ ನಿಮ್ಮ ಹತ್ತಿರ ಅತಿ ಹೆಚ್ಚು ಬೈಸಿಕೊಂಡ ನಿರ್ದೇಶಕ ನಾನೇ.

ಅವತ್ತು ಆಗಿದ್ದು ನಿಮಗೆ ನೆನಪಿದೆ. ಮಳೆಗಾಲ. ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಕಂಪ್ಯೂಟರ್ ಪಾಸ್‌ವರ್ಡ್ ಕೇಳಿತು. ನಮ್ಮ ಕಾರ್ಯದರ್ಶಿಗೆ ಅದು ಗೊತ್ತಿಲ್ಲ. ಗೊತ್ತಿದ್ದ ಹುಡುಗ, ಸಾಫ್ಟ್‌ವೇರ್ ಹಾಕಿಕೊಟ್ಟವರ ಕಡೆಯವನು, ಕೆಲಸ ಬಿಟ್ಟು ಎರಡು ತಿಂಗಳಾಗಿತ್ತು. ಅವರ ಆಫೀಸಿಗೆ ಫೋನ್ ಮಾಡಿದರೆ ನಾಳೆ ಬರ್ತೀವಿ ಅಂದರು. ಅವರ ನಾಳೆ ಬಂದಿದ್ದು ಒಂಬತ್ತನೇ ದಿನಕ್ಕೆ. ಅಷ್ಟರಲ್ಲಿ ಬಟವಾಡೆ ನಿಂತಿತ್ತು. ಹಾಲಿನ ಚೀಟಿ ಜೋಪಾನ ಮಾಡಿದ್ದವರಿಗೆ ಲೆಕ್ಕ ಸಿಕ್ಕಿತು. ಚೀಟಿಯಲ್ಲಿ ಬೀಡಿ ಹಚ್ಚಿದವರ ಜೊತೆ ಫ್ಯಾಟಿಗಾಗಿ ನಡೆದ ಜಗಳ ಇವತ್ತಿಗೂ ಪೂರ್ತಿ ತಣ್ಣಗಾಗಿಲ್ಲ.

ಆ ವರ್ಷ ಹಬ್ಬಕ್ಕೆ ಬಂದಿದ್ದ ನಮ್ಮ ಅಣ್ಣನ ಮಗನ ಹತ್ತಿರ ಇದನ್ನು ಹೇಳಿಕೊಂಡೆ. ಅವನು ಬೆಂಗಳೂರಿನ ಒಂದು ಕಂಪನಿಯಲ್ಲಿ ಕಂಪ್ಯೂಟರ್ ಭದ್ರತೆಯ ಅಪಾಯ ನೋಡಿಕೊಳ್ಳುವ ತಂಡದಲ್ಲಿದ್ದಾನೆ. "ಚಿಕ್ಕಪ್ಪ, ನೀವು ಹೇಳ್ತಿರೋದೇ ನಮ್ಮ ಕೆಲಸ. ನಮ್ಮಲ್ಲಿ ಇದಕ್ಕೆ ವೆಂಡರ್ ರಿಸ್ಕ್ ಅಂತಾರೆ" ಅಂದ. ವೆಂಡರ್ ಅಂದರೆ ದುಡ್ಡು ತೆಗೆದುಕೊಂಡು ನಮಗೆ ಮಾಲು, ಸೇವೆ ಕೊಡುವ ಹೊರಗಿನವರು. ಅವರಿಂದ ನಮಗೆ ಬರಬಹುದಾದ ಕೇಡನ್ನು ಮೊದಲೇ ಲೆಕ್ಕ ಹಾಕಿ ಇಡೋದಕ್ಕೇ ಒಂದು ತಂಡ. ಇದಕ್ಕೂ ಸಂಬಳ ಕೊಡ್ತಾರಾ ಅಂತ ನನಗೆ ಆಶ್ಚರ್ಯ ಆಯಿತು.

ಅವನು ಹೇಳಿದ ಒಂದು ಸಂಗತಿ ಕೇಳಿ. ಅಮೆರಿಕದಲ್ಲಿ ಟಾರ್ಗೆಟ್ ಅಂತ ದೊಡ್ಡ ಅಂಗಡಿಗಳ ಕಂಪನಿ ಇದೆ. 2013ರ ಕೊನೆಯಲ್ಲಿ ಅಲ್ಲಿ ಸಾಮಾನು ಕೊಂಡವರ ಸುಮಾರು 4 ಕೋಟಿ ಬ್ಯಾಂಕ್ ಕಾರ್ಡುಗಳ ವಿವರ ಕಳುವಾಯಿತು. ಕಳ್ಳರು ಮುಂಬಾಗಿಲಿಂದ ಬರಲಿಲ್ಲ. ಆ ಅಂಗಡಿಗಳಿಗೆ ಫ್ರಿಜ್, ಏ.ಸಿ. ಕೆಲಸ ಮಾಡಿಕೊಡುತ್ತಿದ್ದ ಒಬ್ಬ ಕಂಟ್ರಾಕ್ಟರ್‌ಗೆ, ಬಿಲ್ಲು ಕಳಿಸಲಿ ಅಂತ ಕಂಪನಿಯ ಜಾಲದೊಳಗೆ ಬರಲು ಪಾಸ್‌ವರ್ಡ್ ಕೊಟ್ಟಿದ್ದರು. ಕಳ್ಳರು ಅದನ್ನು ಕದ್ದು ಒಳಗೆ ಬಂದು, ಅಲ್ಲಿಂದ ಗಲ್ಲಾ ಯಂತ್ರಗಳವರೆಗೂ ನಡೆದುಹೋದರು. ಬಿಲ್ಲು ಕೊಡಲು ಬಂದವನಿಗೆ ಗಲ್ಲಾಪೆಟ್ಟಿಗೆಯ ದಾರಿ ಯಾಕೆ ತೆರೆದಿತ್ತು, ಅನ್ನೋದೇ ಪ್ರಶ್ನೆ. ನಮ್ಮ ಶೀತಲೀಕರಣ ಘಟಕದ ರಿಪೇರಿಯವರು ಬಂದಾಗ ನಾವು ಆಫೀಸಿನ ಕೀಲಿ ಕೊಟ್ಟು ಟೀ ಕುಡಿಯಲು ಹೋಗ್ತೀವಲ್ಲ, ಅದು ನನ್ನ ನೆನಪಿಗೆ ಬಂತು. 2017ರಲ್ಲಿ ಅಲ್ಲಿನ ರಾಜ್ಯ ಸರ್ಕಾರಗಳಿಗೆ 1 ಕೋಟಿ 85 ಲಕ್ಷ ಡಾಲರ್ ತೆತ್ತದ್ದು ಟಾರ್ಗೆಟ್ ಕಂಪನಿ.

ಅಮೆರಿಕದ ಮಾತು ನಮಗೆ ಯಾಕೆ ಅಂತೀರಾ? 2024ರ ಜುಲೈ 31ರಂದು ನಮ್ಮ ದೇಶದಲ್ಲೇ ಸುಮಾರು 300 ಸಣ್ಣ ಬ್ಯಾಂಕುಗಳ ಹಣ ಪಾವತಿ ನಿಂತುಹೋಯಿತು. ಅವು ನಮ್ಮಂಥವರೇ ವ್ಯವಹಾರ ಮಾಡುವ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳು. ಅವಕ್ಕೆಲ್ಲ ಕಂಪ್ಯೂಟರ್ ಸೇವೆ ಒದಗಿಸುತ್ತಿದ್ದದ್ದು ಸಿ-ಎಡ್ಜ್ ಅನ್ನುವ ಒಂದೇ ಕಂಪನಿ. ಅಲ್ಲಿ ರ‍್ಯಾನ್ಸಮ್‌ವೇರ್ ದಾಳಿಯಾಯಿತು. ಅಂದರೆ ಕಡತಗಳಿಗೆ ಬೀಗ ಜಡಿದು ಬಿಡಿಸಲು ದುಡ್ಡು ಕೇಳುವ ಕಳ್ಳತನ. ರೋಗ ಹರಡದಿರಲಿ ಅಂತ ರಾಷ್ಟ್ರೀಯ ಪಾವತಿ ನಿಗಮದವರು ಆ ಕಂಪನಿಯ ಸಂಪರ್ಕವನ್ನೇ ಕತ್ತರಿಸಿದರು. ಮಾರನೇ ದಿನ ಮತ್ತೆ ಜೋಡಿಸಿದರು, ಒಳ್ಳೆಯದಾಯಿತು. ಆದರೆ ಅವತ್ತು ಆಸ್ಪತ್ರೆಯಲ್ಲೋ ಗೊಬ್ಬರದ ಅಂಗಡಿಯಲ್ಲೋ ನಿಂತವನು ಬೈದಿದ್ದು ತನ್ನ ಬ್ಯಾಂಕನ್ನೇ. ಸಿ-ಎಡ್ಜ್ ಹೆಸರು ಅವನು ಎಲ್ಲಿ ಕೇಳಿದ್ದ?

ಕಳ್ಳರೇ ಬೇಕಾಗಿಲ್ಲ. ಅದೇ ತಿಂಗಳು 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಕಂಪನಿ ಕಳಿಸಿದ ಒಂದು ತಪ್ಪು ಅಪ್‌ಡೇಟಿನಿಂದ ಪ್ರಪಂಚದಲ್ಲಿ ಸುಮಾರು 85 ಲಕ್ಷ ಕಂಪ್ಯೂಟರ್ ಕೈಕೊಟ್ಟವು. ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಕಾಯಬೇಕಾದವನೇ ಎಡವಿದ.

ಹಾಗಾದರೆ ಆ ತಂಡದವರು ಮಾಡೋದೇನು? ಮೊದಲು ಪಟ್ಟಿ. ಹೊರಗಿನವರು ಯಾರ‍್ಯಾರು, ಯಾರ ಕೈ ಎಲ್ಲಿಯವರೆಗೆ ಹೋಗುತ್ತೆ. ಬಿಲ್ಲು ದೊಡ್ಡದಿದ್ದವನು ದೊಡ್ಡ ಅಪಾಯ ಅಂತ ನಾನು ತಿಳಿದಿದ್ದೆ. ಹಾಗಲ್ಲವಂತೆ. ಕಾಗದ ಪೂರೈಸುವವನಿಗೆ ಲಕ್ಷಗಟ್ಟಲೆ ಕೊಟ್ಟರೂ ಹೆದರಿಕೆ ಕಡಿಮೆ. ತಿಂಗಳಿಗೆ ಸಾವಿರ ತಗೊಂಡು ಲೆಕ್ಕದ ಕಂಪ್ಯೂಟರ್ ಮುಟ್ಟುವವನ ಮೇಲೆ ಕಣ್ಣು ಜಾಸ್ತಿ. ಕರಾರಿಗೆ ಮುಂಚೆಯೇ ಕೇಳ್ತಾರೆ: ನಿಮ್ಮ ಕೈಕೆಳಗೆ ಮತ್ಯಾರಿಗೆ ಕೆಲಸ ವಹಿಸಿದ್ದೀರಿ? ನಿಮ್ಮಲ್ಲಿ ಕಳುವಾದರೆ ಎಷ್ಟು ಗಂಟೆಯೊಳಗೆ ನಮಗೆ ಹೇಳ್ತೀರಿ? ಕರಾರು ಮುಗಿದರೆ ನಮ್ಮ ಲೆಕ್ಕವನ್ನು ಯಾವ ರೂಪದಲ್ಲಿ ವಾಪಸ್ ಕೊಡ್ತೀರಿ? ಉತ್ತರ ಕರಾರಿನಲ್ಲಿ ಬರೆಸ್ತಾರೆ. ಕೆಲಸಕ್ಕೆ ಬೇಕಾದಷ್ಟೇ ಬಾಗಿಲು ತೆಗೆದು, ಅವನ ಕಡೆಯ ಹುಡುಗ ಕೆಲಸ ಬಿಟ್ಟ ದಿನವೇ ಮುಚ್ಚುತ್ತಾರೆ. ಲೆಕ್ಕದ ನಕಲು ಬೇರೆ ಕಡೆ ಇಡೋದಷ್ಟೇ ಅಲ್ಲ, ಆಗಾಗ ಆ ನಕಲಿನಿಂದ ಲೆಕ್ಕ ಎತ್ತಿ ನೋಡ್ತಾರೆ. ಎತ್ತಿ ನೋಡದ ನಕಲು, ಮೊಳಕೆ ಪರೀಕ್ಷೆ ಮಾಡದ ಬೀಜ ಇದ್ದ ಹಾಗೆ.

ನನಗೆ ಬಹಳ ಹಿಡಿಸಿದ್ದು ಅವರ ಅಪಾಯದ ರಿಜಿಸ್ಟರ್. ಪ್ರತಿ ಅಪಾಯದ ಮುಂದೆ ಒಬ್ಬರ ಹೆಸರು ಇರಬೇಕು. 'ಎಲ್ಲರೂ' ಅಂತ ಬರೆಯುವ ಹಾಗಿಲ್ಲ. ಖರ್ಚು ಜಾಸ್ತಿ, ಸದ್ಯಕ್ಕೆ ಹೀಗೇ ಇರಲಿ ಅಂತ ಬಿಡೋದೂ ಉಂಟು, ಆದರೆ ಬಿಟ್ಟವರು ಸಹಿ ಹಾಕಬೇಕು. ನಮ್ಮ ಠರಾವು ಪುಸ್ತಕದಲ್ಲಿ ಇಂಥದ್ದೊಂದು ಸಹಿ ಇದ್ದಿದ್ದರೆ ಆ ಒಂಬತ್ತು ದಿನ ನಾನು ಯಾರ ಮುಖವನ್ನೂ ನೋಡಲು ಹೆದರುತ್ತಿರಲಿಲ್ಲ.

ರಿಸರ್ವ್ ಬ್ಯಾಂಕು 2023ರ ಏಪ್ರಿಲ್‌ನಲ್ಲಿ ಕಂಪ್ಯೂಟರ್ ಕೆಲಸವನ್ನು ಹೊರಗೆ ಕೊಡುವ ಬಗ್ಗೆ ನಿಯಮ ಹೊರಡಿಸಿತು. ಕೆಲಸ ಹೊರಗೆ ಕೊಟ್ಟ ಮಾತ್ರಕ್ಕೆ ಗ್ರಾಹಕರ ಕಡೆಗಿನ ಹೊಣೆ ಕಡಿಮೆಯಾಗದು ಅನ್ನೋದು ಅದರ ತಿರುಳು. ಆ ನಿಯಮ ಹಾಲಿನ ಸಂಘಕ್ಕೆ ಹೇಳಿದ್ದಲ್ಲ. ಆದರೂ ನಮ್ಮ ಸಂಘದ ಲೆಕ್ಕ ಯಾರ ಕೈಯಲ್ಲಿದೆ ಅಂತ ಕೇಳಲು ನಿಮಗೆ ಯಾರ ಸುತ್ತೋಲೆಯೂ ಬೇಕಾಗಿಲ್ಲ. ಷೇರು ಹಣ ನಿಮ್ಮದು.

ನಮ್ಮ ಪಟ್ಟಿಯಲ್ಲಿ ಬರೋದು ಐದೇ ಹೆಸರು: ಸಾಫ್ಟ್‌ವೇರಿನವರು, ತೂಕದ ಯಂತ್ರದವರು, ಫ್ಯಾಟ್ ನೋಡುವ ಯಂತ್ರದವರು, ಶೀತಲೀಕರಣದವರು, ಇಂಟರ್‌ನೆಟ್ಟಿನವರು. ಪಾಸ್‌ವರ್ಡ್ ಲಕೋಟೆಯಲ್ಲಿ ಅರಗು ಹಾಕಿ ಸಂಘದ ಬೀರುವಿನಲ್ಲಿರಬೇಕು. ವಾರಕ್ಕೊಮ್ಮೆ ಲೆಕ್ಕದ ನಕಲು ಬೇರೆ ಕಡೆ ಹೋಗಬೇಕು. ಇದನ್ನು ಬರುವ ತಿಂಗಳ ಆಡಳಿತ ಮಂಡಳಿ ಸಭೆಗೆ ಬರೆದು ಕೊಟ್ಟಿದ್ದೇನೆ. ಸಾಫ್ಟ್‌ವೇರಿನ ಸಾಲಿನ ಮುಂದೆ ನನ್ನ ಹೆಸರೇ ಹಾಕಿದ್ದೇನೆ, ಉಳಿದ ನಾಲ್ಕು ಖಾಲಿ ಇವೆ. ಅಲ್ಲಿಯವರೆಗೆ ದಯವಿಟ್ಟು ಚೀಟಿ ಬಿಸಾಡಬೇಡಿ.