ಹೊಳೆಗಿಳಿಯುವ ಮುನ್ನ

(ಮಲೆನಾಡಿನ ಹಳ್ಳಿಯೊಂದರಲ್ಲಿ ನಡೆದ ವಿದ್ಯಾರ್ಥಿ ಪರಿಸರ ಶಿಬಿರದಲ್ಲಿ ನಿವೃತ್ತ ಅಧ್ಯಾಪಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಶಿಬಿರ ಮುಗಿದ ಮೇಲೆ ಗಣೇಶಗುಡಿಗೆ ಹೋಗಿ ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡಬೇಕೆಂದು ವಿದ್ಯಾರ್ಥಿಗಳು ಅಪೇಕ್ಷಿಸಿದ್ದಾರೆ. ಇದನ್ನು ಕೇಳಿ ನಮ್ಮ ಬಳಗದ ಕೆಲವು ಹಿರಿಯರಿಗೆ ಬೇಸರವಾಗಿದೆ. ನದಿಗಾಗಿ ಪಾದಯಾತ್ರೆ ಮಾಡಿದವರ ಮಕ್ಕಳು ನದಿಯನ್ನು ಮೋಜಿನ ವಸ್ತುವೆಂದು ತಿಳಿಯಬಹುದೇ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಆದರೂ ಹುಡುಗರು ಹೋಗಿಬರಲಿ ಎನ್ನುವ ಪಕ್ಷ ನನ್ನದು. ಹರಿಯುವ ನೀರಿನ ಬಲವನ್ನು ತನ್ನ ತೋಳಿನಿಂದಲೇ ಅರಿತವನಿಗೆ ನದಿಯ ವಿಚಾರವನ್ನು ಬೇರೆಯವರು ಹೆಚ್ಚು ವಿವರಿಸಬೇಕಾಗುವುದಿಲ್ಲ. ಆದರೆ ಹೋಗುವ ಮುನ್ನ ಮಾಡಿಕೊಳ್ಳಬೇಕಾದ ಸಿದ್ಧತೆಯಿದೆ. ಇಂದಿನ ನನ್ನ ಮಾತು ಅಷ್ಟಕ್ಕೇ ಸೀಮಿತ.

ಮೊದಲು ಆ ನದಿ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ತಿಳಿಯೋಣ. ಜೊಯಿಡಾ ತಾಲ್ಲೂಕಿನ ಡಿಗ್ಗಿಯ ಕಡೆ ಹುಟ್ಟುವ ಕಾಳಿ, ಸುಮಾರು 184 ಕಿ.ಮೀ. ಹರಿದು ಕಾರವಾರದ ಬಳಿ ಸಮುದ್ರ ಸೇರುತ್ತದೆ. ಈ ಹಾದಿಯಲ್ಲಿ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂಬ ಅಣೆಕಟ್ಟುಗಳು ಅದನ್ನು ತಡೆದು ನಿಲ್ಲಿಸಿವೆ. ಗಣೇಶಗುಡಿಯಲ್ಲಿರುವುದು 101 ಮೀಟರ್ ಎತ್ತರದ ಸೂಪಾ. ನಾವು ತೆಪ್ಪವೇರುವುದು ಅದರ ಕೆಳಗಿನ ಪಾತ್ರದಲ್ಲಿ.

ಕೊಡಗಿನ ಬರಪೊಳೆಯಲ್ಲಿ, ಹೆಬ್ರಿಯ ಬಳಿಯ ಸೀತಾ ನದಿಯಲ್ಲಿ ರಾಫ್ಟಿಂಗ್ ನಡೆಯುವುದು ಮಳೆಗಾಲದಲ್ಲಿ. ಆಕಾಶದಿಂದ ಬಿದ್ದ ನೀರೇ ಅಲ್ಲಿ ರಭಸವಾಗುತ್ತದೆ. ಮಳೆ ನಿಂತರೆ ಬಂಡೆಗಳು ಮೇಲೇಳುತ್ತವೆ, ತೆಪ್ಪಕ್ಕೆ ದಾರಿಯಿಲ್ಲ. ಕಾಳಿಯಲ್ಲಿ ಇದು ತಿರುವುಮುರುವು. ಮಳೆಗಾಲದ ನೀರನ್ನು ಸೂಪಾ ಜಲಾಶಯ ಹಿಡಿದಿಡುತ್ತದೆ. ಬಳಿಕ ವಿದ್ಯುತ್ತಿನ ಬೇಡಿಕೆಗೆ ತಕ್ಕಂತೆ ಅಣೆಯ ಬುಡದಲ್ಲಿರುವ ತಲಾ 50 ಮೆಗಾವಾಟ್‌ನ ಎರಡು ಘಟಕಗಳ ಮೂಲಕ ಅದನ್ನು ಹೊರಬಿಡುತ್ತಾರೆ. ವೈಶಾಖದ ಬಿಸಿಲಿನಲ್ಲಿಯೂ ಅಲ್ಲಿ ನೊರೆನೀರು ಕಾಣುವುದಕ್ಕೆ ಕಾರಣ ಇದೇ. ಆ ರಭಸವನ್ನು ನಿರ್ಧರಿಸುವುದು ಮೋಡವಲ್ಲ, ಟರ್ಬೈನು.

ಆದ್ದರಿಂದ ಪ್ರವಾಸದ ಯೋಜನೆ ಬಸ್ಸಿನ ವೇಳಾಪಟ್ಟಿಯಿಂದ ಆರಂಭವಾಗಕೂಡದು. ನೀರಿನ ವೇಳಾಪಟ್ಟಿಯಿಂದ ಆರಂಭವಾಗಬೇಕು. ಅಂದು ನೀರು ಬಿಡುತ್ತಾರೆಯೇ, ಎಷ್ಟು ಹೊತ್ತಿಗೆ, ಎಷ್ಟು ಪ್ರಮಾಣದಲ್ಲಿ? ಅಂದು ರಾಫ್ಟಿಂಗ್‌ಗೆ ಆಡಳಿತದ ಅನುಮತಿ ಜಾರಿಯಲ್ಲಿದೆಯೇ? ಈ ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ಸಿಗುವವರೆಗೆ ಮುಂಗಡ ಹಣ ಕೊಡಬೇಡಿ. ಮಳೆಯಿಲ್ಲದ ದಿನವೂ ಅಲ್ಲಿ ಹೊಳೆ ಏರುತ್ತದೆಂಬುದನ್ನು ಮರೆಯಬೇಡಿ. ತೆಪ್ಪಕ್ಕಾಗಿ ಕಾಯುತ್ತ ನಡುಹೊಳೆಯ ಬಂಡೆಯ ಮೇಲೆ ಬುತ್ತಿ ಬಿಚ್ಚಿ ಕುಳಿತುಕೊಳ್ಳುವ ಅಭ್ಯಾಸ ಸಲ್ಲದು.

ಎರಡನೆಯದು, ಕರೆದೊಯ್ಯುವವರ ವಿಚಾರ. ಇಲ್ಲಿ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ನಾನು ವಿದ್ಯಾರ್ಥಿಗಳ ಒಂದು ತಂಡವನ್ನು ಹೊಳೆಗೆ ಕರೆದುಕೊಂಡು ಹೋಗಿದ್ದೆ. ಆ ದಿನ ಜನಸಂದಣಿ ಹೆಚ್ಚಾಗಿತ್ತು. ಎಂಟು ಜನರ ತೆಪ್ಪದಲ್ಲಿ ಹನ್ನೊಂದು ಮಂದಿಯನ್ನು ಕೂರಿಸಿದರು. ಹೆಚ್ಚಾಯಿತಲ್ಲವೇ ಎಂದು ನನಗೆ ಅನ್ನಿಸಿತು. ಆದರೆ ಹಣ ಕೊಟ್ಟಾಗಿತ್ತು, ಹೊತ್ತು ಮೀರುತ್ತಿತ್ತು, ಹುಡುಗರು ಉತ್ಸಾಹದಲ್ಲಿದ್ದರು, ನಾನು ಸುಮ್ಮನಾದೆ. ಎರಡನೆಯ ಇಳಿಜಾರಿನಲ್ಲಿ ಒಬ್ಬ ವಿದ್ಯಾರ್ಥಿನಿ ನೀರಿಗೆ ಬಿದ್ದಳು. ಅವಳ ಲೈಫ್ ಜಾಕೆಟ್ ಸಡಿಲವಾಗಿತ್ತು. ಅದು ಮೇಲಕ್ಕೆ ಸರಿದು ಅವಳ ಮುಖವನ್ನೇ ಮುಚ್ಚಿತು. ಕೆಳಗೆ ಕಯಾಕಿನಲ್ಲಿ ಕಾಯುತ್ತಿದ್ದ ಊರಿನ ಯುವಕನೊಬ್ಬ ಅವಳನ್ನು ಎಳೆದು ದಡ ಸೇರಿಸಿದ. ಅವಳು ಉಳಿದಳು. ಅಂದು ಸಂಜೆ ಅವಳ ತಂದೆಗೆ ದೂರವಾಣಿ ಮಾಡಿ ನಡೆದುದನ್ನು ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. "ನೀವಿದ್ದೀರಿ ಎಂದೇ ಕಳಿಸಿದ್ದೆ ಮೇಷ್ಟ್ರೇ" ಎಂದರು. ಆ ಮಾತು ಇಂದಿಗೂ ನನ್ನ ಜೊತೆಗಿದೆ.

ಆದುದರಿಂದ ಹೇಳುತ್ತೇನೆ. ತೆಪ್ಪ ಎಷ್ಟು ಜನರದ್ದೆಂದು ಮೊದಲೇ ಕೇಳಿ, ದಡದಲ್ಲಿ ನಿಂತು ಎಣಿಸಿ. ಪ್ರತಿ ತೆಪ್ಪಕ್ಕೂ ತರಬೇತಾದ ಗೈಡ್ ಇರಬೇಕು. ಕೆಳಗೆ ರಕ್ಷಣೆಗೆ ಕಯಾಕ್ ಅಥವಾ ಇನ್ನೊಂದು ತೆಪ್ಪ ಇರಬೇಕು. ಎಸೆಯುವ ಹಗ್ಗ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಕಣ್ಣಿಗೆ ಕಾಣಬೇಕು. ಜಾಕೆಟ್ ತೊಟ್ಟ ಮೇಲೆ ಒಬ್ಬರ ಜಾಕೆಟ್ಟಿನ ಹೆಗಲನ್ನು ಇನ್ನೊಬ್ಬರು ಹಿಡಿದು ಮೇಲಕ್ಕೆಳೆಯಿರಿ. ಅದು ಕಿವಿಯವರೆಗೆ ಬಂದರೆ ಪಟ್ಟಿಗಳನ್ನು ಮತ್ತೆ ಬಿಗಿಯಿರಿ. ಹೃದ್ರೋಗ, ಮೂರ್ಛೆರೋಗ ಇದ್ದವರು ಅದನ್ನು ಮುಚ್ಚಿಡಬಾರದು. ಮದ್ಯಪಾನ ಮಾಡಿದವನು ಯಾರೇ ಆಗಿರಲಿ, ತೆಪ್ಪ ಹತ್ತಕೂಡದು.

ಮೂರನೆಯದು, ನೀರಿನ ಬಲದ ಲೆಕ್ಕ. ಒಂದು ಘನಮೀಟರ್ ನೀರಿನ ತೂಕ 1000 ಕಿಲೋ. ಸೆಳವಿನ ವೇಗ ಎರಡು ಪಟ್ಟಾದರೆ ಅದು ನಿಮ್ಮನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ರಭಸದ ನದಿಗಳನ್ನು ಒಂದರಿಂದ ಆರರವರೆಗೆ ದರ್ಜೆ ಮಾಡುತ್ತಾರೆ. ಗಣೇಶಗುಡಿಯ ಕೆಳಗಿನ ಪಾತ್ರ ಸಾಮಾನ್ಯವಾಗಿ ಎರಡು, ಮೂರರದು. ನೀರು ಹೆಚ್ಚಿದಂತೆ ಅದೇ ಜಾಗದ ದರ್ಜೆಯೂ ಬದಲಾಗುತ್ತದೆ. ಅಕಸ್ಮಾತ್ ಬಿದ್ದರೆ ಎದ್ದು ನಿಲ್ಲಲು ಯತ್ನಿಸಬೇಡಿ. ಕಾಲು ಬಂಡೆಗಳ ಸಂದಿಗೆ ಸಿಕ್ಕಿಕೊಂಡರೆ ನೀರಿನ ಸೆಳವು ಮೈಯನ್ನು ಮುಂದಕ್ಕೆ ಬಾಗಿಸಿ ಮುಳುಗಿಸಿಬಿಡುತ್ತದೆ. ಅದಕ್ಕೆ ಸೊಂಟದ ಆಳದ ನೀರೂ ಸಾಕು. ಅಂಗಾತ ಮಲಗಿ, ಪಾದಗಳನ್ನು ನೀರು ಹರಿಯುವ ದಿಕ್ಕಿಗೆ ಚಾಚಿ, ಕಾಲ್ಬೆರಳು ನೀರಿನ ಮೇಲೆ ಕಾಣುವಂತೆ ಇಟ್ಟುಕೊಳ್ಳಿ. ಹಗ್ಗ ಎಸೆದರೆ ಹಗ್ಗವನ್ನು ಹಿಡಿಯಿರಿ, ಕೈಗೆ ಸುತ್ತಿಕೊಳ್ಳಬೇಡಿ. ಹೊಳೆಗೆ ಬಾಗಿ ಬಿದ್ದ ಮರ ಕಂಡರೆ ದೂರ ಸರಿಯಿರಿ. ನೀರು ಕೊಂಬೆಗಳ ನಡುವೆ ತೂರಿಹೋಗುತ್ತದೆ, ಮನುಷ್ಯ ಅಲ್ಲಿಯೇ ಸಿಕ್ಕಿಕೊಳ್ಳುತ್ತಾನೆ.

ನಾಲ್ಕನೆಯದು, ಆ ಸ್ಥಳದ ಕುರಿತ ನಡತೆ. ಅಲ್ಲಿಯ ಕಾಡಿನ ಬಹುಭಾಗ ಹುಲಿ ಸಂರಕ್ಷಿತ ಪ್ರದೇಶ. 2007ರಲ್ಲಿ ಅಣಶಿ–ದಾಂಡೇಲಿ ಎಂಬ ಹೆಸರಿನಲ್ಲಿ ಘೋಷಣೆಯಾದ ಅದಕ್ಕೆ 2015ರಲ್ಲಿ ಈ ನದಿಯ ಹೆಸರನ್ನೇ ಇಟ್ಟರು. ದಡದ ಮರಗಳಲ್ಲಿ ಮಂಗಟ್ಟೆ ಹಕ್ಕಿಗಳಿವೆ. ಕೆಳಗೆ ದಾಂಡೇಲಿಯ ಕಡೆ ಮೊಸಳೆಗಳಿವೆ. ಧ್ವನಿವರ್ಧಕ, ಸೋಪು, ಪ್ಲಾಸ್ಟಿಕ್ ಪೊಟ್ಟಣ ಇವು ಯಾವುವೂ ನಿಮ್ಮ ಚೀಲದಲ್ಲಿ ಇರಕೂಡದು. ದಡದಲ್ಲಿ ಬಟ್ಟೆ ಒಗೆಯುವ ಹೆಂಗಸರು ಕಂಡರೆ ಛಾಯಾಚಿತ್ರ ತೆಗೆಯಬೇಡಿ. ಅದು ಅವರ ಮನೆಯಂಗಳ.

ಕೊನೆಯದಾಗಿ, ತೆಪ್ಪ ಹತ್ತುವ ಮುನ್ನ ಒಂದು ಗಳಿಗೆ ಅಣೆಕಟ್ಟಿನ ಕಡೆ ತಿರುಗಿ ನೋಡಿ. ಅದರ ಹಿಂದೆ ಪಾಂಢರಿ ಮತ್ತು ಕಾಳಿ ಕೂಡುವಲ್ಲಿ ಸೂಪಾ ಎಂಬ ಊರಿತ್ತು. ಅದು ತಾಲ್ಲೂಕು ಕೇಂದ್ರವಾಗಿತ್ತು. ಊರು ಮುಳುಗಿತು, ತಾಲ್ಲೂಕು ಕಚೇರಿ ಜೊಯಿಡಾಕ್ಕೆ ಹೋಯಿತು, ಮನೆಮಾರು ಕಳೆದುಕೊಂಡವರಲ್ಲಿ ಬಹಳಷ್ಟು ಜನ ರಾಮನಗರಕ್ಕೆ ಬಂದು ನೆಲೆಸಿದರು. ನಿಮ್ಮ ತೆಪ್ಪವನ್ನು ಮೇಲೆತ್ತುವ ಅಲೆ ಆ ಅಂಗಳಗಳ ಮೇಲೆ ನಿಂತಿದ್ದ ನೀರು. ಹೋಗಬೇಡಿ ಎನ್ನಲು ಇದನ್ನು ಹೇಳುತ್ತಿಲ್ಲ. ಹಿಂತಿರುಗುವ ದಾರಿಯಲ್ಲಿ ರಾಮನಗರದಲ್ಲಿ ಇಳಿದು, ಹಳೆಯ ಸೂಪಾದ ಹಿರಿಯರು ಯಾರಾದರೂ ಸಿಕ್ಕಿದರೆ ಅವರ ಮಾತನ್ನು ಅರ್ಧ ದಿನ ಕೇಳಿ ಬನ್ನಿ. ಪ್ರವಾಸದ ಪಟ್ಟಿಯಲ್ಲಿ ಅದಕ್ಕೂ ಸಮಯ ಬರೆದಿಡಿ.

ಹಿರಿಯರಲ್ಲಿ ನನ್ನ ಬಿನ್ನಹವಿಷ್ಟೇ: ಮಕ್ಕಳನ್ನು ತಡೆಯಬೇಡಿ, ಜೊತೆಗೆ ಹೋಗಿ. ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ: ನೀರು ಹೆಚ್ಚಿದೆ, ಇಂದು ಬೇಡ ಎಂದು ಗೈಡ್ ಹೇಳಿದರೆ ಅವನೊಡನೆ ವಾದಿಸಬೇಡಿ. ಹಾಗೆ ಹೇಳಿದ ದಿನವೂ ಅವನ ಕೂಲಿ ಕೊಡಲು ಒಂದಿಷ್ಟು ಹಣವನ್ನು ಬೇರೆ ತೆಗೆದಿಡಿ. ಕೂಲಿ ತಪ್ಪುತ್ತದೆಂಬ ಭಯವಿದ್ದರೆ 'ಇಂದು ಬೇಡ' ಎಂಬ ಮಾತು ಅವನ ಬಾಯಿಂದ ಬರುವುದು ಕಷ್ಟ. ಅಂದು ನಾನು ಆಡದೇ ಉಳಿದ ಮಾತೂ ಅದೇ.