ಬದು ದಾಟುವ ಹುಳ

ಇಂದು ಪದವಿ ಪಡೆದ ಮಕ್ಕಳೇ, ಹೊಲ ಮಾರದೆ ನಿಮ್ಮನ್ನು ಓದಿಸಿದ ತಾಯಿ-ತಂದೆಯರೇ, ಗುರುಗಳೇ,

ನಮ್ಮ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಬೆಳೆಗೆ ಹೊಡೆಯುವ ವಿಷಕ್ಕೆ ‘ಎಣ್ಣಿ’ ಅನ್ನುತ್ತಾರೆ. ಒಗ್ಗರಣೆಗೂ ಅದೇ ಮಾತು, ತಲೆಗೂ ಅದೇ ಮಾತು. ಇಷ್ಟು ಸಲಿಗೆಯ ಹೆಸರಿರುವುದಕ್ಕೇ ಏನೋ, ಬರಿಗೈಯಲ್ಲಿ ಕಲಸುತ್ತೇವೆ, ಗಾಳಿಗೆ ಎದುರಾಗಿ ಹೊಡೆಯುತ್ತೇವೆ, ಖಾಲಿ ಡಬ್ಬಿಯನ್ನು ಕಾಲುವೆಯಲ್ಲಿ ತೊಳೆಯುತ್ತೇವೆ.

ನಾನು ಕೆಲಸಕ್ಕೆ ಸೇರಿದ ಹೊಸತು. ಸೆಪ್ಟೆಂಬರ್ ತಿಂಗಳು. ಆಳೆತ್ತರ ಬೆಳೆದ ಕಬ್ಬು ಗುಂಪುಗುಂಪಾಗಿ ಹಳದಿಯಾಗಿ ಒಣಗುತ್ತಿತ್ತು. ನಾನೊಂದು ಔಷಧ ಬರೆದುಕೊಟ್ಟೆ. ಹಿರಿಯ ರೈತರೊಬ್ಬರು ಒಂದು ಗಣಿಕೆ ಹಿಡಿದು ಎಳೆದರು. ಬೇರೇ ಇಲ್ಲದೆ ಅದು ಕೈಗೆ ಬಂತು. ಬುಡದ ಮಣ್ಣಲ್ಲಿ ಬೆಳ್ಳಗೆ ಸುರುಳಿ ಸುತ್ತಿಕೊಂಡ ಗೊಣ್ಣೆಹುಳ. “ಸಾಹೇಬ್ರ, ಹುಳ ಬೇರಾಗ ಐತ್ರಿ. ನೀವು ಎಲಿ ಮ್ಯಾಲ ಎಣ್ಣಿ ಹೊಡಿ ಅಂತೀರಿ” ಅಂದರು. ಆ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ.

ಗೊಣ್ಣೆಹುಳಕ್ಕೆ ಮದ್ದು ಮಾಡುವ ಕಾಲ ಸೆಪ್ಟೆಂಬರ್ ಅಲ್ಲ. ಮುಂಗಾರಿಗೆ ಮುಂಚೆ ಅಡ್ಡಮಳೆ ಬಿದ್ದ ಸಂಜೆ, ಈ ಹುಳವೇ ಬೆಳೆದು ಆದ ದುಂಬಿಗಳು ನೆಲದಿಂದ ಮೇಲೆದ್ದು ಬೇವು, ಜಾಲಿ ಮರಗಳಿಗೆ ಮುತ್ತುತ್ತವೆ. ಅಲ್ಲೇ ಎಲೆ ತಿಂದು, ಅಲ್ಲೇ ಕೂಡಿ, ಮತ್ತೆ ಮಣ್ಣಿಗಿಳಿದು ಮೊಟ್ಟೆ ಇಡುತ್ತವೆ. ಆ ಕೆಲವು ಸಂಜೆ ಟೊಂಗೆ ಅಲುಗಿಸಿ, ಉದುರಿದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿದರೆ ಮುಂದಿನ ಸಾವಿರಾರು ಹುಳ ಹುಟ್ಟುವುದೇ ಇಲ್ಲ. ಆಮೇಲೂ ಹುಟ್ಟುವ ಮರಿಗೆ ಮೆಟಾರೈಜಿಯಂ ಎಂಬ ಶಿಲೀಂಧ್ರವನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಮಣ್ಣಿಗೆ ಕೊಡಬಹುದು. ಆದರೆ ಒಬ್ಬನೇ ತನ್ನ ಮರ ಅಲುಗಿಸಿದರೆ ಏನೂ ಆಗದು. ದುಂಬಿಗೆ ಬದು ಗೊತ್ತಿಲ್ಲ. ಇಡೀ ಊರೇ ಹೊರಬರಬೇಕು, ಅದೂ ಅದೇ ವಾರ.

ಹೀಗೆ ಜನ ಸೇರುವುದು ಈ ಜಿಲ್ಲೆಗೆ ಹೊಸತಲ್ಲ. 2002ರಲ್ಲಿ ಮಹಾರಾಷ್ಟ್ರದ ಕಡೆಯಿಂದ ಬೆಳಗಾವಿಗೂ ಕಬ್ಬಿನ ಬಿಳಿ ಉಣ್ಣೆಹೇನು ಬಂತು. ಎಲೆಯ ಕೆಳಗೆ ಹತ್ತಿ ಅಂಟಿಸಿದಂತೆ, ಮೇಲೆ ಕಾಡಿಗೆ ಬಳಿದಂತೆ. ಹೆದರಿದ ರೈತರು ಎಣ್ಣಿಗೆ ಮುಗಿಬಿದ್ದರು. ಆದರೆ ಹೊಲದ ಒಳಗೇ ಡೈಫಾ ಎಂಬ ಪತಂಗದ ಮರಿ, ಮೈಕ್ರೋಮಸ್ ಎಂಬ ರೆಕ್ಕೆಯ ಕೀಟ ಆ ಹೇನನ್ನು ತಿನ್ನುತ್ತಿದ್ದವು. ಧಾರವಾಡ ಕೃಷಿ ವಿಶ್ವವಿದ್ಯಾಲಯ ಅವುಗಳನ್ನು ಸಾಕಿ ಹಂಚಿತು. ಮಿತ್ರಕೀಟ ಕೂತ ಎಲೆಗಳನ್ನು ಜನ ಹೊಲದಿಂದ ಹೊಲಕ್ಕೆ ಒಯ್ದರು. ಎಲೆ ತಿರುವಿ ನೋಡುವ ತಾಳ್ಮೆಯೇ ಅಂದು ಬೆಳೆ ಉಳಿಸಿತು ಎಂದು ನಾನು ನಂಬಿದ್ದೇನೆ.

ಈಗ ಹೊಸ ಪರೀಕ್ಷೆಗಳು. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಗೋವಿನಜೋಳದಲ್ಲಿ ದೇಶಕ್ಕೇ ಮೊದಲ ಬಾರಿ ಕಾಣಿಸಿದ ಅಮೆರಿಕ ಮೂಲದ ಸೈನಿಕ ಹುಳ ಸುಳಿಯೊಳಗೆ ಅಡಗಿ ಕೂರುತ್ತದೆ. ಸೋಯಾಬೀನಿಗೆ ತುಕ್ಕುರೋಗ. ಅದಕ್ಕೆ ಧಾರವಾಡದ ಡಿಎಸ್‌ಬಿ 21 ತಳಿ ಇದೆ, ಬಿತ್ತನೆಗೆ ಮುಂಚೆ ಮನಸ್ಸು ಮಾಡಬೇಕು ಅಷ್ಟೆ. ಕಬ್ಬಿನ ಬೇರಿಗೇ ಬಾಯಿ ಹಾಕುವ ಸ್ಟ್ರೈಗಾ ಕಳೆಯ ಮಾತು ಬೇರೆ. ಅದರ ಹೂವು ಕಣ್ಣಿಗೆ ಬೀಳುವ ಹೊತ್ತಿಗೆ ನಷ್ಟ ಆಗಿರುತ್ತದೆ, ಧೂಳಿನಷ್ಟು ಸಣ್ಣ ಬೀಜ ಮಣ್ಣಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಹೂ ಬಿಡುವ ಮುಂಚೆ ಕಿತ್ತರೆ ಮುಂದಿನ ಬೆಳೆಗೆ ಕಾಟ ಕಡಿಮೆ. ಕೂಳೆ ಮೇಲೆ ಕೂಳೆ ಬಿಡುವ ನಮ್ಮ ಪದ್ಧತಿ, ಒಂದೇ ಬೆಳೆಗೆ ಹರಿಯುವ ಘಟಪ್ರಭೆಯ ನೀರು, ಇವು ಹುಳಕ್ಕೂ ಕಳೆಗೂ ಖಾಯಂ ಊಟ ಹಾಕಿವೆ. ಇದನ್ನು ರೈತರಿಗೆ ಹೇಳುವುದು ಕಷ್ಟ. ಹೇಳಲೇಬೇಕು, ಬಯ್ಯದೆ ಹೇಳಬೇಕು.

ನಿಮ್ಮಲ್ಲಿ ಕೆಲವರು ಅಧಿಕಾರಿಗಳಾಗುತ್ತೀರಿ, ಕೆಲವರು ಗೊಬ್ಬರ-ಔಷಧದ ಅಂಗಡಿ ತೆರೆಯುತ್ತೀರಿ. ಅಂಗಡಿ ತೆರೆಯುವವರಲ್ಲಿ ನನ್ನದೊಂದು ಕೇಳಿಕೆ. ಗಿರಾಕಿ ಬಂದು “ಹುಳಕ್ಕ ಏನಾರ ಕೊಡ್ರಿ” ಅಂದಾಗ ಬಾಟಲಿಗೆ ಕೈ ಹಾಕುವ ಮುಂಚೆ “ಯಾವ ಹುಳರೀ ಯಜಮಾನ್ರ, ಎಲ್ಲಿ ಐತಿ, ತಂದೀರೇನು?” ಎಂದು ಕೇಳಿ. ತಂದಿರದಿದ್ದರೆ ಅವರ ಜೊತೆ ಹೊಲಕ್ಕೆ ಹೋಗಿ. ಮುಂದಿನ ಅಡ್ಡಮಳೆ ಬಿದ್ದ ದಿನ, ಹೊತ್ತು ಮುಳುಗಿದ ಮೇಲೆ, ನಿಮ್ಮೂರ ದೊಡ್ಡ ಬೇವಿನ ಮರದ ಕೆಳಗೆ ಬ್ಯಾಟರಿ ಹಿಡಿದು ನಿಲ್ಲಿ. ಓಣಿಯ ಹುಡುಗರನ್ನೂ ಕರೆಯಿರಿ.