ಬಿನ್, ಕೋಂ ಮತ್ತು ಶಾಲೆಯ ದಾಖಲಾತಿ ಪುಸ್ತಕ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾನು ಬಿ.ಇ. ಮಾಡಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಹಾಗಾಗಿ ಕಂಪ್ಯೂಟರ್ ಬಗ್ಗೆ ಮಾತಾಡಿ ಎಂದು ಮೇಷ್ಟ್ರು ಹೇಳಿದರು. ಆ ವಿಷಯ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಮ್ಮ ಹಿಂದಿನವರನ್ನು ಹುಡುಕುವುದು ಹೇಗೆ, ಅದಕ್ಕೆ ನಮ್ಮ ಸೀಮೆಯಲ್ಲಿ ಯಾವ ಯಾವ ದಾಖಲೆ ಇವೆ, ದಾಖಲೆಯಲ್ಲಿ ಇಲ್ಲದ್ದು ಯಾರ ನೆನಪಿನಲ್ಲಿದೆ ಎಂಬುದನ್ನು ಹೇಳಲು ನಾನು ಅನುಮತಿ ಕೇಳಿಕೊಂಡೆ.

ಇಲ್ಲಿರುವ ಎಲ್ಲರಿಗೂ ತಾತನ ಹೆಸರು ಗೊತ್ತು. ಮುತ್ತಾತನ ಹೆಸರು ಅರ್ಧ ಜನಕ್ಕೆ ಗೊತ್ತಿರಬಹುದು. ಮುತ್ತಾತನ ಹೆಂಡತಿಯ ಹೆಸರು? ಮನಸ್ಸಿನಲ್ಲೇ ಹೇಳಿಕೊಳ್ಳಿ. ಎಷ್ಟು ಜನಕ್ಕೆ ಬಂತು ಎಂದು ನಾನು ಕೈ ಎತ್ತಿಸುವುದಿಲ್ಲ.

ನಮ್ಮ ಮನೆಯಲ್ಲಿ ಈ ಹುಡುಕಾಟ ಶೋಕಿಗೆ ಶುರುವಾದದ್ದಲ್ಲ. ತಾತ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸಲು ಅಪ್ಪ ಪಹಣಿ ತೆಗೆಸಿದರು. ನೋಡಿದರೆ ಎರಡು ಎಕರೆ ಇನ್ನೂ ಮುತ್ತಾತನ ಹೆಸರಿನಲ್ಲೇ ಇದೆ. ಅವರು ತೀರಿಕೊಂಡು ಅರವತ್ತು ವರ್ಷ ದಾಟಿತ್ತು. ಖಾತೆ ಸತ್ತವರ ಹೆಸರಿನಲ್ಲಿದ್ದರೆ ಬೆಳೆ ಸಾಲವಿಲ್ಲ, ಬೆಳೆ ವಿಮೆಯಿಲ್ಲ, ಬರ ಬಂದರೆ ಪರಿಹಾರವೂ ಕೈಗೆ ಬರುವುದಿಲ್ಲ. ಇಲ್ಲಿ ಕುಳಿತಿರುವ ಎಷ್ಟೋ ಮನೆಗಳ ಕಥೆಯೂ ಇದೇ ಎಂದು ನನಗೆ ಗೊತ್ತು.

ಭೂಮಿ ಯೋಜನೆಯಲ್ಲಿ ನಮ್ಮ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಅದು ದೊಡ್ಡ ಕೆಲಸವೇ. ಆದರೆ ಪಹಣಿ ಹೇಳುವುದು ಜಮೀನು ಇವತ್ತು ಯಾರ ಹೆಸರಿನಲ್ಲಿದೆ ಎಂದು. ಅದು ಹೇಗೆ ಬಂತು ಎಂದು ತಿಳಿಯಬೇಕಾದರೆ ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋಗಬೇಕು. ಹಳೆಯ ಕೈಬರಹದ ಪಹಣಿ, ಮ್ಯುಟೇಷನ್ ಪುಸ್ತಕ, ಆರ್.ಆರ್., ಇಂಡೆಕ್ಸ್ ಆಫ್ ಲ್ಯಾಂಡ್ಸ್ ಇವುಗಳಿಗೆ ಅರ್ಜಿ ಹಾಕಿ ನಕಲು ಪಡೆಯಬೇಕು. ಇವುಗಳಲ್ಲಿ ಬಹಳಷ್ಟು ಶಾನುಭೋಗರ ಕಾಲದ ಬರಹ. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಪಟೇಲ, ಶಾನುಭೋಗಿಕೆ ಹೋಯಿತು. ಅವರ ಅಕ್ಷರ ಮಾತ್ರ ಉಳಿದಿದೆ. ಓದಲು ಹಿರಿಯರೊಬ್ಬರು ಜೊತೆಗಿರಬೇಕು.

ಆ ಪುಸ್ತಕಗಳಲ್ಲಿ ಎರಡು ಮಾತು ಮತ್ತೆ ಮತ್ತೆ ಬರುತ್ತವೆ. ಒಂದು 'ಬಿನ್', ಅಂದರೆ ಇಂಥವರ ಮಗ. ಇನ್ನೊಂದು 'ಕೋಂ', ಅಂದರೆ ಇಂಥವರ ಹೆಂಡತಿ. ಬಿನ್ ಎಂಬುದು ಅರಬ್ಬಿ ಮಾತು, ಕಂದಾಯದ ಕಾಗದದ ಮೂಲಕ ನಮ್ಮೂರಿಗೆ ಬಂದದ್ದು. ನಮ್ಮ ಕಂಪನಿಯಲ್ಲಿ ಬ್ರಿಟನ್ನಿನ ವೇಲ್ಸ್ ನಾಡಿನವರೊಬ್ಬರಿದ್ದಾರೆ. ಈ ವಿಷಯ ಹೇಳಿದಾಗ ಅವರು ನಕ್ಕು, ನಮ್ಮಲ್ಲೂ ಹಾಗೇ ಇತ್ತು ಎಂದರು. ಅಲ್ಲಿ ಹಿಂದೆ ಮನೆತನದ ಹೆಸರು ಇರಲಿಲ್ಲ. ಮಗನ ಹೆಸರಿನ ಮುಂದೆ 'ಆಪ್' ಎಂದು ಸೇರಿಸಿ ತಂದೆಯ ಹೆಸರು ಹೇಳುತ್ತಿದ್ದರು. ಆಪ್ ಹವೆಲ್ ಎಂಬುದು ಬರುಬರುತ್ತಾ ಪೊವೆಲ್ ಆಯಿತು, ಆಪ್ ರೀಸ್ ಎಂಬುದು ಪ್ರೈಸ್ ಆಯಿತು. ಆದರೆ ಅವರಿಗೆ ಒಂದು ಅನುಕೂಲ ಇದೆ. ಚರ್ಚಿನ ಪುಸ್ತಕಗಳಲ್ಲಿ ನಾಮಕರಣ, ಮದುವೆ, ಸಾವು ಬರೆದಿಟ್ಟಿದ್ದಾರೆ. 1841ರಿಂದ ಜನಗಣತಿಯಲ್ಲಿ ಮನೆಯವರೆಲ್ಲರ ಹೆಸರಿದ್ದು, ನೂರು ವರ್ಷ ಕಳೆದ ಮೇಲೆ ಅದನ್ನು ಯಾರು ಬೇಕಾದರೂ ನೋಡಬಹುದು. ನಮ್ಮಲ್ಲಿ ಮೈಸೂರು ಸಂಸ್ಥಾನದ ಜನಗಣತಿ 1871ರಲ್ಲೇ ನಡೆಯಿತು. ಆದರೆ ಅದರಿಂದ ನಮಗೆ ಸಿಗುವುದು ಅಂಕಿಸಂಖ್ಯೆ, ಮುತ್ತಾತನ ಹೆಸರಲ್ಲ.

ನಮ್ಮ ಕೇಸಿನಲ್ಲಿ ತೊಡಕಾದದ್ದು ಹೆಸರೇ. ನಮ್ಮ ಕಡೆ ತಾತನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ. ಸಿಡಿಲು ಮಲ್ಲಿಕಾರ್ಜುನ ಸ್ವಾಮಿಯ ಬೆಟ್ಟದ ಕೆಳಗೆ ಮಲ್ಲನ ಹೆಸರಿನವರಿಗೆ ಬರವೇ? ದಾಯಾದಿಗಳ ಎರಡು ಮನೆಯಲ್ಲಿ ಒಂದೇ ಹೆಸರು, ತಂದೆಯ ಹೆಸರೂ ಒಂದೇ. ನಮ್ಮ ಮುತ್ತಾತನೂ ಅದೇ, ಮೇಲಿನ ಬೀದಿಯವರ ತಾತನೂ ಅದೇ. ಜಮೀನು ಯಾರದ್ದು ಎಂದು ಬಿನ್ ನೋಡಿ ಹೇಳುವ ಹಾಗಿರಲಿಲ್ಲ. ಅವರು ಜಗಳಕ್ಕೆ ಬರಲಿಲ್ಲ. ಆದರೆ ನಮ್ಮದೇ ಇರಬಹುದಲ್ಲವಾ ಎಂದು ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ.

ಹಳೆಯ ಕ್ರಯಪತ್ರದ ನಕಲು ಸಿಕ್ಕಿತು. ಅದರ ಚಕ್ಕುಬಂದಿಯಲ್ಲಿ ಪಡುವಲಿಗೆ ಒಂದು ಹುಣಸೆಮರ, ಬಡಗಲಿಗೆ ಹಳ್ಳ ಎಂದಿತ್ತು. ಈಗ ಅಲ್ಲಿ ಮರವೂ ಇಲ್ಲ, ಹಳ್ಳವೂ ಮುಚ್ಚಿದೆ. ಆಗ ಅಪ್ಪ ಹೇಳಿದ್ದು, ಕೃಷ್ಣರಾಜನಗರ ತಾಲೂಕಿಗೆ ಕೊಟ್ಟಿರುವ ಅತ್ತೆ ಇದ್ದಾರಲ್ಲ, ಅವರನ್ನು ಕೇಳೋಣ ಎಂದು. ತಾತನ ತಂಗಿ. ನನಗೆ ಅಜ್ಜಿಯಾಗಬೇಕು.

ವಯಸ್ಸೆಷ್ಟು ಅಜ್ಜಿ ಎಂದರೆ, ನಾನು ಹುಟ್ಟಿದ್ದು ಧಾತು ಸಂವತ್ಸರದಲ್ಲಿ ಕಣಪ್ಪ ಎಂದರು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಧಾತು ಎಂದರೆ 1936-37. ಅದರ ಹಿಂದಿನ ಧಾತು 1876-77, ಅಂದರೆ ನಮ್ಮ ಹಿರಿಯರು ಧಾತು ಈಶ್ವರದ ಬರ ಎಂದು ಹೇಳುವ ಮಹಾಕ್ಷಾಮ. 1871ರಲ್ಲಿ ಸುಮಾರು 50 ಲಕ್ಷ ಇದ್ದ ಸಂಸ್ಥಾನದ ಜನ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದರು. ನಮ್ಮ ಮನೆಯ ನೆನಪೂ ಆ ಬರದಿಂದ ಹಿಂದಕ್ಕೆ ಹೋಗುವುದಿಲ್ಲ. ಹಿರಿಯರು ಸಂವತ್ಸರದ ಹೆಸರು ಹೇಳಿದರೆ ಮಕ್ಕಳೇ, ಬರೆದಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ ವರ್ಷ ಸಿಗುತ್ತದೆ.

ಚಕ್ಕುಬಂದಿ ಓದಿ ಹೇಳಿದೆ. ಹುಣಸೆಮರ ಎಂದ ಕೂಡಲೇ ಅಜ್ಜಿ, ಅಯ್ಯೋ ಅದು ನಮ್ಮದೇ ಹೊಲ, ಮೇಲಿನ ಬೀದಿಯವರ ಹೊಲ ಹಳ್ಳದ ಆಚೆಗೆ, ನಾನು ಅಪ್ಪನಿಗೆ ಅಂಬಲಿ ಹೊತ್ತುಕೊಂಡು ಹೋಗಿ ಆ ಮರದ ಕೆಳಗೇ ಕೂರುತ್ತಿದ್ದೆ ಎಂದರು. ಮೇಲಿನ ಬೀದಿಯವರ ಹಿರಿಯರನ್ನೂ ಕರೆದುಕೊಂಡು ಹೋಗಿದ್ದೆವು. ಅಜ್ಜಿ ಅವರ ಹೊಲದ ಗುರುತನ್ನೂ ಹೇಳಿದರು. ಅಲ್ಲಿಗೆ ಅವರ ಪತ್ರಗಳೂ ತಾಳೆಯಾದವು. ಕಾಗದದಲ್ಲಿ ಮರ ಇತ್ತು, ಮರ ಯಾವುದು ಎಂದು ಗೊತ್ತಿದ್ದದ್ದು ಅಜ್ಜಿಗೆ.

ಹೊರಡುವಾಗ ನಾನು ಕೇಳಿದೆ, ಅಜ್ಜಿ, ನಿಮ್ಮ ಅವ್ವನ ಹೆಸರೇನು ಎಂದು. ಅಷ್ಟು ದಿನ ಓದಿದ ಒಂದು ಕಾಗದದಲ್ಲೂ ಆ ಹೆಸರು ಇರಲಿಲ್ಲ. ಗಂಡ ಇರುವಾಗಲೇ ತೀರಿಕೊಂಡವರಾದ್ದರಿಂದ 'ಕೋಂ' ಎಂದು ಕೂಡ ಅವರು ದಾಖಲೆಗೆ ಬಂದಿರಲಿಲ್ಲ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಇದುವರೆಗೂ ಯಾರೂ ಕೇಳಿರಲಿಲ್ಲ ಕಣಪ್ಪ ಎಂದರು. ಹೆಗ್ಗಡದೇವನಕೋಟೆ ಸೀಮೆಯ ಚಿಕ್ಕದೇವಮ್ಮನ ಹೆಸರನ್ನೇ ಅವರಿಗೆ ಇಟ್ಟಿದ್ದರಂತೆ. ಹೆಸರಿನ ಹಿಂದೆಯೇ ಊರೂ ಬಂತು. ಅಷ್ಟು ದೂರದಿಂದ ಹೆಣ್ಣು ತಂದದ್ದು ಹೇಗೆ ಎಂದರೆ, ಚುಂಚನಕಟ್ಟೆ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದ ಹಿರಿಯರು ಅಲ್ಲೇ ಮಾತಾಡಿಕೊಂಡರಂತೆ. ಆ ತವರೂರು ಈಗ ಇಲ್ಲ. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದೆ.

ವಂಶವೃಕ್ಷ ಬರೆಸುವಾಗ ಮನೆಯಲ್ಲಿ ಮಾತು ಬಂತು. ಹೆಣ್ಣುಮಕ್ಕಳ ಹೆಸರು ಯಾಕೆ, ಕೊಟ್ಟ ಹೆಣ್ಣು ಕುಲದ ಹೊರಗೆ, ಸುಮ್ಮನೆ ಸಹಿಗೆ ಅಲೆಯಬೇಕು ಎಂದು ಒಬ್ಬರು ಹೇಳಿದರು. ಇದು ನಮ್ಮ ಮನೆಯ ಮಾತು ಮಾತ್ರವಲ್ಲ. ದೇಶದ ಮೊದಲ ಮಹಾಚುನಾವಣೆಯ ಪಟ್ಟಿಯಲ್ಲಿ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿ ಸ್ವಂತ ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರನ್ನು, ಹೆಚ್ಚಾಗಿ ಉತ್ತರದ ರಾಜ್ಯಗಳಲ್ಲಿ, ಪಟ್ಟಿಯಿಂದ ತೆಗೆದುಹಾಕಬೇಕಾಯಿತು. ಹೆಸರಿಲ್ಲದಿದ್ದರೆ ಹಕ್ಕೂ ಇಲ್ಲ. ಅಪ್ಪ ಹೆಚ್ಚು ಮಾತಾಡಲಿಲ್ಲ. ನಮ್ಮ ಹೊಲ ಉಳಿಸಿಕೊಟ್ಟವರ ಹೆಸರನ್ನೇ ಬಿಟ್ಟು ಬರೆಯುವುದು ಹೇಗೆ ಎಂದಷ್ಟೇ ಹೇಳಿದರು. ಮುತ್ತಜ್ಜಿಯ ಹೆಸರು ಮುತ್ತಾತನ ಪಕ್ಕದಲ್ಲಿ ಬಂತು. ಅಜ್ಜಿಯ ಹೆಸರು ತಾತನ ಪಕ್ಕದಲ್ಲಿ ಬಂತು. ಅಜ್ಜಿ ಪಾಲು ಕೇಳಲಿಲ್ಲ. ಕೇಳಿದ್ದರೆ ಕೊಡುವುದು ಧರ್ಮ, 1956ರಿಂದ ಕಾನೂನು ಕೂಡ. ಹೆಬ್ಬೆಟ್ಟು ಒತ್ತುವ ಮೊದಲು, ನನ್ನ ಹೆಸರು ಎಲ್ಲಿದೆ ತೋರಿಸು ಎಂದರು. ತೋರಿಸಿದೆ. ಬಹಳ ಹೊತ್ತು ನೋಡಿದರು. ಓದಲು ಬಾರದು, ಆದರೂ ನೋಡಿದರು.

ಹಿರಿಯರೇ, ನನ್ನ ಕಥೆ ಎರಡು ಎಕರೆ ಇದ್ದವರ ಕಥೆ. ಜಮೀನು ಇದ್ದವರಿಗೆ ಪಹಣಿ ಇದೆ. ಇಲ್ಲದವರು ಏನು ಮಾಡಬೇಕು? ಗೇಣಿಗೆ ಉಳುತ್ತಿದ್ದವರಿಗೆ ಒಂದು ದಾರಿ ಇದೆ. ನಮ್ಮ ಪಕ್ಕದ ಹುಣಸೂರು ತಾಲೂಕಿನ ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ, 1974ರ ಭೂ ಸುಧಾರಣೆಯಲ್ಲಿ ಗೇಣಿದಾರರು ಫಾರಂ 7 ಹಾಕಿದರು. ಆ ಭೂ ನ್ಯಾಯಮಂಡಳಿಯ ಕಡತ ಹುಡುಕಿಸಿ. ಯಾವ ಹೊಲ, ಎಷ್ಟು ವರ್ಷದಿಂದ ಉಳುಮೆ ಎಂದು ಹೇಳಿಕೊಂಡದ್ದು ಅಲ್ಲಿರುತ್ತದೆ. ಇನ್ನು ನಮ್ಮ ಎಷ್ಟೋ ಮನೆತನಗಳಿಗೆ ಹೆಳವರಿದ್ದರು. ಎತ್ತಿನ ಮೇಲೆ ಗಂಟೆ ಬಾರಿಸಿಕೊಂಡು ಬಂದು, ಬಾಗಿಲಲ್ಲಿ ನಿಂತು ವಂಶ ಹೇಳಿ, ದವಸ ಪಡೆದು ಹೋಗುತ್ತಿದ್ದರು. ಈಗ ಬಂದರೆ ಭಿಕ್ಷೆಯವರೆಂದು ಸಾಗಹಾಕಬೇಡಿ. ಕೂರಿಸಿ, ಕೇಳಿ, ಬರೆದುಕೊಳ್ಳಿ.

ಕೂಲಿ ಮಾಡಿದವರಿಗೆ, ಹೊಲವೂ ಗೇಣಿಯೂ ಇಲ್ಲದವರಿಗೆ ಉಳಿಯುವುದು ಒಂದೇ ಪುಸ್ತಕ. ಅದು ಶಾಲೆಯ ದಾಖಲಾತಿ ಪುಸ್ತಕ. ಅದರಲ್ಲಿ ಗೌಡರ ಮಗನ ಕೆಳಗಿನ ಸಾಲಿನಲ್ಲೇ ಕೂಲಿಯವರ ಮಗಳ ಹೆಸರು ಇರುತ್ತದೆ, ಅದೇ ಶಾಯಿಯಲ್ಲಿ, ಅದೇ ಅಕ್ಷರದಲ್ಲಿ. ಪ್ರಾಥಮಿಕ ಶಾಲೆಯ ಹಳೆಯ ಪುಸ್ತಕದಲ್ಲಿ ನಮ್ಮ ತಾತನ ಹೆಸರಿದೆ. ಅಜ್ಜಿಯ ಹೆಸರಿಲ್ಲ, ಅವರನ್ನು ಶಾಲೆಗೆ ಕಳಿಸಿರಲಿಲ್ಲ. ನಮ್ಮ ಪ್ರೌಢಶಾಲೆಯ ಐವತ್ತು ವರ್ಷದ ಪುಸ್ತಕಗಳಲ್ಲಿ ಸಾಲುಸಾಲು ಹೆಣ್ಣುಮಕ್ಕಳಿದ್ದಾರೆ. ಇನ್ನು ಐವತ್ತು ವರ್ಷಕ್ಕೆ ಅವರು ಯಾರದೋ ಮುತ್ತಜ್ಜಿಯರು. ಅವರ ಹೆಸರು ಹುಡುಕಿಕೊಂಡು ಬರುವವರಿಗೆ ಆ ಹಾಳೆ ಇರಬೇಕು. ಗೆದ್ದಲಿಗೂ ಸೋರುವ ಮಳೆನೀರಿಗೂ ಸುವರ್ಣ ಮಹೋತ್ಸವ ಗೊತ್ತಾಗುವುದಿಲ್ಲ.

ಅದಕ್ಕೆ ಮೂರು ಕೆಲಸ ಹೇಳುತ್ತೇನೆ. ಮೊದಲನೆಯದು, ಮುಖ್ಯೋಪಾಧ್ಯಾಯರು ಮತ್ತು ಇಲಾಖೆ ಒಪ್ಪಿದರೆ, ದಾಖಲಾತಿ ಪುಸ್ತಕಗಳ ಪ್ರತಿ ಹಾಳೆಯನ್ನೂ ಸ್ಕ್ಯಾನ್ ಮಾಡಿ ಶಾಲೆಯಲ್ಲಿ ಒಂದು, ಬೇರೆ ಕಡೆ ಒಂದು ಪ್ರತಿ ಇಡೋಣ. ಖರ್ಚು ಮತ್ತು ದುಡಿಮೆ ನಮ್ಮ ಬ್ಯಾಚಿನದು. ಅದರಲ್ಲಿ ಜಾತಿ, ಜನ್ಮದಿನಾಂಕ ಎಲ್ಲ ಇರುವುದರಿಂದ ಮೊಬೈಲಿನಲ್ಲಿ ಹರಿಬಿಡುವ ವಸ್ತು ಅದಲ್ಲ. ಶಾಲೆಯ ಕೈಯಲ್ಲೇ ಇರಲಿ. ಎರಡನೆಯದು, ಪ್ರತಿ ವರ್ಷ ಒಂಬತ್ತನೇ ತರಗತಿಯ ಮಕ್ಕಳು ರಜೆಯಲ್ಲಿ ಮನೆಯ ಹಿರಿಯರೊಬ್ಬರನ್ನು ಕೂರಿಸಿಕೊಂಡು ಎರಡು ಪುಟ ಬರೆಯಲಿ. ಮೊದಲ ಪ್ರಶ್ನೆ, ನಿಮ್ಮ ಅವ್ವನ ಹೆಸರೇನು, ಅವರ ತವರು ಯಾವುದು ಎಂಬುದಾಗಿರಲಿ. ಮೂರನೆಯದು ಹಿರಿಯರಿಗೆ. ಗೋಡೆಯ ಮೇಲಿರುವ ಹಳೆಯ ಫೋಟೋಗಳ ಹಿಂದೆ ಯಾರು ಎಂದು ಇವತ್ತೇ ಬರೆಸಿಡಿ. ನಮಗೆ ಗೊತ್ತಿದೆಯಲ್ಲ ಎನ್ನಬೇಡಿ. ನಮಗೆ ಗೊತ್ತಿಲ್ಲ.

ಇಲ್ಲಿರುವ ಹಿರಿಯರಲ್ಲಿ ಎಷ್ಟೋ ಜನರ ಜೊತೆ ಒಂದೊಂದು ಹೊಲದ ಗುರುತು, ಒಂದೊಂದು ಮುಳುಗಿದ ಊರಿನ ದಾರಿ ಇದೆ. ಊಟಕ್ಕೆ ಎಲೆ ಹಾಕಲು ಇನ್ನೂ ಅರ್ಧ ಗಂಟೆ ಇದೆಯಂತೆ. ಮಕ್ಕಳೇ, ನಿಮ್ಮ ಪಕ್ಕದಲ್ಲಿ ಕುಳಿತವರಿಂದಲೇ ಶುರು ಮಾಡಿ.